ನಿವೃತ್ತಿಯಾದದ್ದು ನಾನು, ಕಾಕಾ ಅಲ್ಲ

ನಾನು ನಿವೃತ್ತನಾಗಿ ಅಣ್ಣಿಗೇರಿಯ ಮನೆಯ ಕಟ್ಟೆಯ ಮೇಲೆ ಕೂತಿದ್ದೇನೆ. ನನ್ನ ಫೋಟೊ ಮಾತ್ರ ಇನ್ನೂ ಹುಬ್ಬಳ್ಳಿಯಲ್ಲಿ ನೌಕರಿ ಮಾಡುತ್ತಿದೆ. ಮೀಸೆ ನನ್ನದು, ಕನ್ನಡಕ ನನ್ನದು, ಮಾತು ನನ್ನದಲ್ಲ. ಆ ಮಾತು ನಂಬಿ ಶಲವಡಿಯ ಬಸವ್ವ ಎಂಬ ಹೆಣ್ಣುಮಗಳು ಬಿತ್ತಲೆಂದು ಕಾದಿಟ್ಟ ಕಡಲೆ ಬೀಜವನ್ನೆಲ್ಲ ಕೊಳೆಸಿಕೊಳ್ಳುವುದರಲ್ಲಿದ್ದಳು. ಸಾಯುವ ಮುಂಚೆಯೇ ದೆವ್ವವಾಗಿ ತಿರುಗುವ ಯೋಗ ಎಷ್ಟು ಜನರಿಗೆ ಬರುತ್ತದೆ ಹೇಳಿ. ನನಗೆ ಬಂತು.

ಜಾಲತಾಣಗಳಲ್ಲಿ ‘ಸಮುದಾಯ ನಿರ್ವಾಹಕ’ ಎಂಬ ನೌಕರಿಗೆ ಸೇರುತ್ತಿರುವ ಹುಡುಗ ಹುಡುಗಿಯರೇ, ಇದನ್ನು ನಿಮಗಾಗಿ ಬರೆಯುತ್ತಿದ್ದೇನೆ. ಹೆಸರು ಕೇಳಿ ಏನೋ ದೊಡ್ಡ ಹುದ್ದೆ ಎಂದುಕೊಳ್ಳಬೇಡಿ. ಕಾಳಿನ ರಾಶಿಯ ಪಕ್ಕ ಕೋಲು ಹಿಡಿದು ಕೂತು ದನ ಹಾಯದಂತೆ ನೋಡಿಕೊಳ್ಳುವ ಕೆಲಸ ಅದು. ಕಷ್ಟವೆಂದರೆ, ಈಗಿನ ದನಗಳು ರೈತರ ರುಮಾಲು ಸುತ್ತಿಕೊಂಡು ಬರುತ್ತವೆ.

ಮೊದಲು ನಾನು ಹುಬ್ಬಳ್ಳಿಯ ಒಂದು ಕೃಷಿ ಮಾಸಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಪತ್ರಿಕೆ ನಿಂತುಹೋಯಿತು. ಅದರ ಮಾಲೀಕರನ್ನು ನಾವೆಲ್ಲ ಸಾವ್ಕಾರ್ರು ಎನ್ನುತ್ತಿದ್ದೆವು, ಅವರು ಎದೆಗುಂದಲಿಲ್ಲ. ರೈತರು ರೈತರನ್ನೇ ಕೇಳಿ ತಿಳಿದುಕೊಳ್ಳಲಿ ಎಂದು ‘ಹೊಲಮನಿ’ ಎಂಬ ಜಾಲತಾಣ ತೆರೆದರು.

“ಕಾಗದ ಹೋತು, ರೈತ ಏನ್ ಹೋಗಿಲ್ಲಲ್ರಿ,” ಎಂದರು ನನಗೆ. “ನೀವ್ ಅಲ್ಲಿ ಕುಂದರ್ರಿ. ಮಂದಿ ಮಾತಾಡೂದನ್ನ ಕೇಳ್ರಿ. ಹೊಲಸ ಬಂದ್ರ ತಗದ ಒಗೀರಿ. ತಿಳಿದಿದ್ದು ಇದ್ರ ನಾಕ ಮಾತ ಹೇಳ್ರಿ.”

ನನ್ನ ಫೋಟೊ ಹಾಕಿ ‘ಹೊಲಮನಿ ಕಾಕಾ’ ಎಂದು ಹೆಸರಿಟ್ಟರು. ಅಲ್ಲಿಂದ ನನ್ನ ಸ್ವಂತ ಹೆಸರು ರೇಶನ್ ಕಾರ್ಡಿಗೆ ಮಾತ್ರ ಉಳಿಯಿತು. ದಿನಾ ಅಣ್ಣಿಗೇರಿಯಿಂದ ರೈಲಿನಲ್ಲಿ ಹೋಗಿ ಬರುತ್ತಿದ್ದೆ. ಡಬ್ಬಿಯಲ್ಲಿ ಎದುರು ಕೂತವರು ಮುಖ ನೋಡಿ, “ಕಾಕಾ, ನಮ್ಮ ಉಳ್ಳಾಗಡ್ಡಿಗೆ ರೋಗ ಬಿದ್ದೈತ್ರಿ,” ಎಂದು ಅಲ್ಲೇ ಶುರು ಮಾಡುತ್ತಿದ್ದರು. ಸುಳ್ಳೇಕೆ ಹೇಳಲಿ, ಖುಷಿಯಾಗುತ್ತಿತ್ತು.

ಹೊಲಸು ಎಂದರೆ ಬೈಗುಳ ಎಂದುಕೊಂಡಿದ್ದೆ. ಬೈಗುಳ ತೆಗೆಯುವುದು ಸುಲಭ, ಅದು ಬಾಗಿಲಲ್ಲೇ ಕಾಣುತ್ತದೆ. ತೆಗೆಯಲು ಬಾರದ್ದು ಸಿಹಿ ಮಾತು. ಅದು ಬೀಗರ ಹಾಗೆ ಬಂದು, ಕಾಲು ತೊಳೆದು, ನಡುಮನೆಯಲ್ಲಿ ಕೂತಿರುತ್ತದೆ. ಪತ್ರಿಕೆಯಲ್ಲಿ ಜಾಹೀರಾತಿನ ಸುತ್ತ ಒಂದು ಗೆರೆ ಎಳೆಯುತ್ತಿದ್ದೆವು. ಗೆರೆಯೊಳಗೆ ಅವನು ಏನೇ ಬಡಾಯಿ ಕೊಚ್ಚಲಿ, ಇದು ಮಾರುವವನ ಮಾತು ಎಂದು ಓದುವವನಿಗೆ ಗೊತ್ತಿರುತ್ತಿತ್ತು. ಜಾಲತಾಣದಲ್ಲಿ ಆ ಗೆರೆಯನ್ನೇ ಅಳಿಸಿದರು. ಮಾರುವವನು ನಿಮ್ಮ ಪಕ್ಕದ ಹೊಲದವನಾಗಿ ಬಂದು ಹೆಗಲ ಮೇಲೆ ಕೈ ಹಾಕತೊಡಗಿದ.

ನಾನು ಹಿಡಿದ ಮೊದಲನೆಯವನ ಹೆಸರು ‘ಮಲ್ಲಪ್ಪ ನವಲಗುಂದ’. ರುಮಾಲಿನ ಫೋಟೊ, ವಿಭೂತಿ, ಎಲ್ಲ ಅಚ್ಚುಕಟ್ಟು. ಅವನು ಬರೆದ: “ಇವತ್ತು ಸೋಮವಾರ ಬೆಳಗ್ಗೆ ಎತ್ತು ಹೂಡಿಕೊಂಡು ಹೊಲಕ್ಕೆ ಹೋಗಿ ನೋಡುತ್ತೇನೆ, ನಿನ್ನೆ ಹೊಡೆದ ಟಾನಿಕ್‌ಗೆ ಮೆಣಸಿನ ಗಿಡ ಮೊಣಕಾಲೆತ್ತರ ಬಂದುಬಿಟ್ಟಿದೆ!”

ಒಂದೇ ದಿನದಲ್ಲಿ ಗಿಡ ಮೊಣಕಾಲಿಗೆ ಬಂದದ್ದನ್ನು ನಮ್ಮ ಜನ ಕ್ಷಮಿಸುತ್ತಿದ್ದರೇನೋ. ಸೋಮವಾರ ಎತ್ತು ಹೂಡಿದ್ದನ್ನು ಕ್ಷಮಿಸಲಿಲ್ಲ. ನಮ್ಮ ಕಡೆ ಸೋಮವಾರ ಬಸವಣ್ಣನ ವಾರ. ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಟ್ರ್ಯಾಕ್ಟರ್ ಬಂದ ಮೇಲೂ, ಎತ್ತು ಇಟ್ಟುಕೊಂಡವರು ಇದನ್ನು ಬಿಟ್ಟಿಲ್ಲ. ಕೆಳಗೆ ಒಬ್ಬಳು ಬರೆದಳು: “ಮಲ್ಲಪ್ಪಣ್ಣಾ, ಸೋಮಾರ ಎತ್ತ ಹೂಡೀರಿ ಅಂದ್ರ ಮನಿಯಾಗ ನಿಮ್ಮವ್ವ ಇಲ್ಲೇನ್ರಿ?” ಅವಳೇ ಈ ಬಸವ್ವ. ನನಗೆ ಅವಳ ಪರಿಚಯವಾದದ್ದು ಹೀಗೆ, ಅಕ್ಷರದಲ್ಲಿ.

ಮಲ್ಲಪ್ಪ ಕೂಡಲೇ ಉತ್ತರಿಸಿದ: “ತಾಯಿಯವರು ಕ್ಷೇಮವಾಗಿದ್ದಾರೆ. ಅವರೂ ಇದೇ ಟಾನಿಕ್ ಬಳಸುತ್ತಾರೆ.”

ನಾನು ನಕ್ಕು ನಕ್ಕು ಚಹಾ ನೆತ್ತಿಗೆ ಹತ್ತಿಸಿಕೊಂಡೆ. ವಿಚಾರಿಸಿದರೆ, ಜಾಹೀರಾತು ಗುತ್ತಿಗೆ ಹಿಡಿದ ಯಾರೋ ಒಬ್ಬ ಎಲ್ಲೋ ಕೂತು ಇಂಥ ಮಲ್ಲಪ್ಪಗಳನ್ನು ಹೆರುತ್ತಿದ್ದ. ಪ್ರಶ್ನೆ ಕೇಳುವ ರೈತನೂ ಅವನೇ, ಉತ್ತರ ಹೇಳುವ ರೈತನೂ ಅವನೇ, ‘ಹೌದು, ನನಗೂ ಲಾಭವಾಯಿತು’ ಎನ್ನುವ ಮೂರನೆಯವನೂ ಅವನೇ. ಎಲ್ಲರನ್ನೂ ತೆಗೆದು ಒಗೆದೆ. ಆ ಖುಷಿಯಲ್ಲಿ ನನಗೂ ಒಂದು ನೇಮ ಹಾಕಿಕೊಂಡೆ. ‘ಸೋಮಾರ ಕಾಕಾನ ಹೆಗಲಿಗೂ ನೊಗ ಇಲ್ಲ’ ಎಂದು ಬರೆದು, ಅಂದಿನಿಂದ ಸೋಮವಾರ ಯಾರಿಗೂ ಉತ್ತರ ಕೊಡುವುದನ್ನು ಬಿಟ್ಟೆ. ಸಾವ್ಕಾರ್ರು ನಕ್ಕು, “ಹಂಗಾರ ರವಿವಾರ ಸೂಟಿ ಬಿಡ್ರಿ ಮತ್ತ,” ಎಂದರು. ಬಿಟ್ಟೆ. ಭಾನುವಾರದ ರಜೆ ಹೋಯಿತು, ಆದರೆ ನೌಕರಿ ಮುಗಿಯುವವರೆಗೆ ಆ ನೇಮ ತಪ್ಪಲಿಲ್ಲ.

ಕಳ್ಳರನ್ನು ಹಿಡಿಯುವವನಿಗೆ ಒಂದು ರೋಗ ಅಂಟುತ್ತದೆ, ಕಂಡವರೆಲ್ಲ ಕಳ್ಳರಾಗಿ ಕಾಣುತ್ತಾರೆ. ಅಣ್ಣಿಗೇರಿಯ ಯಾರೋ ಮಗಳ ಬಾಣಂತನಕ್ಕೆ ಒಳ್ಳೆಯ ತೊಟ್ಟಿಲು ಎಲ್ಲಿ ಸಿಗುತ್ತದೆಂದು ಕೇಳಿದ್ದರು. ಕಲಘಟಗಿಯ ತೊಟ್ಟಿಲಗಾರನೊಬ್ಬ, “ನಾವ ಮಾಡ್ತೀವ್ರಿ, ಅಗದಿ ಛಲೋ ಬಣ್ಣ, ಬರ್ರಿ,” ಎಂದು ಊರು, ಹೆಸರು ಹಾಕಿ ಬರೆದ. ಜಾಹೀರಾತು ಎಂದು ನಾನು ಅವನನ್ನು ಕಿತ್ತು ಒಗೆದೆ. ಮರುದಿನ ಬಸ್ಸು ಹಿಡಿದು ಕಚೇರಿಗೇ ಬಂದುಬಿಟ್ಟ. ಕೈಯಲ್ಲಿ ಗಿಳಿ ಬರೆದ ತೊಟ್ಟಿಲ ಪಟ್ಟಿ.

“ನಾ ಹೆಸರ ಮುಚ್ಚೀನೇನ್ರಿ? ಊರ ಮುಚ್ಚೀನೇನ್ರಿ? ಮಾರೂದು ನಾನ ಅಂತ ಹೇಳೇ ಮಾರೀನಿ. ಇದರಾಗ ಕಳ್ಳತನ ಏನ ಬಂತ?” ಎಂದು ಬಣ್ಣ ಹತ್ತಿದ ಎರಡೂ ಕೈ ನನ್ನ ಮುಂದೆ ಚಾಚಿದ. “ಹಿಡದ ನೋಡ್ರಿ, ಖರೇ ಮನಶ್ಯಾ ಅದೀನೋ ಇಲ್ಲೋ.”

ನಿಜಕ್ಕೂ ಕೈ ಹಿಡಿದೆ, ಬೇರೇನು ಮಾಡಲಿ? ಚಹಾ ಕುಡಿಸಿ, ಅವನನ್ನು ಮತ್ತೆ ಸೇರಿಸಿ, ಅವನ ಮಾತಿನ ಸುತ್ತ ಪತ್ರಿಕೆಯ ಕಾಲದ ಹಾಗೆ ಗೆರೆ ಎಳೆದು ‘ಇವರು ಮಾರುವವರು’ ಎಂದು ಬರೆದೆ. ಅವನಿಗೆ ಅದರಿಂದ ಗಿರಾಕಿ ಹೆಚ್ಚೇ ಆದರು. ಮಾರುವುದು ತಪ್ಪಲ್ಲ, ಮಾರುತ್ತಿಲ್ಲ ಎಂದು ನಟಿಸುವುದು ತಪ್ಪು. ಈ ಕೆಲಸದಲ್ಲಿ ನನಗೆ ಹತ್ತಿದ ವಿದ್ಯೆ ಇಷ್ಟೇ, ಅದೂ ಬೈಸಿಕೊಂಡ ಮೇಲೆ.

ಸಾವ್ಕಾರ್ರಿಗೆ ವಯಸ್ಸಾಯಿತು. ಹೊಲಮನಿಯನ್ನು ಬೆಂಗಳೂರಿನ ಒಂದು ಕಂಪನಿಗೆ ಕೊಟ್ಟರು. ವಿಕ್ರಮ್ ಸರ್ ಎಂಬ ಹೊಸ ಮ್ಯಾನೇಜರ್ ಬಂದರು. ಒಳ್ಳೆಯ ಹುಡುಗ, ಯಾರಿಗೂ ಗದರುತ್ತಿರಲಿಲ್ಲ. ಗದರಿದ್ದರೆ ಜಗಳವಾದರೂ ಆಡಬಹುದಿತ್ತು.

“ಕಾಕಾ, ಆ್ಯಡ್ ಅಂದ್ರೆ ಜನ ನಂಬಲ್ಲ,” ಎಂದರು ಮೊದಲ ದಿನವೇ. “ನಮಗೆ ಬೇಕಾಗಿರೋದು ಅನುಭವ ಹಂಚಿಕೆ.”

“ಯಾರ ಅನುಭವ ಸರ್?”

“ಅದನ್ನ ಪಾರ್ಟ್ನರ್ ಕಂಪನಿಯವರೇ ಬರೆದು ಕಳಿಸ್ತಾರೆ.”

ಹೊಗಳಿ ಬರೆದವರಿಗೆ ‘ಮಿತ್ರ ರೈತ’ ಎಂಬ ಬಿರುದು, ಒಂದು ಕ್ಯಾಪು. ಗುಡಗೇರಿಯ ಫಕ್ಕೀರಪ್ಪ ಒಬ್ಬನೇ ಮೂರು ಕಂಪನಿಗಳ ಔಷಧಿಯನ್ನು ‘ಇದರಂಥದ್ದು ಇನ್ನೊಂದಿಲ್ಲ’ ಎಂದು ಹೊಗಳಿದ್ದ. ಫೋನ್ ಮಾಡಿ ಕೇಳಿದೆ. “ಕ್ಯಾಪ್ ಅಗದಿ ಛಲೋ ಅದಾವ್ರಿ ಕಾಕಾ, ಬಿಸಲಿಗೆ ತಂಪ. ಬಾಟ್ಲಿ ಮುಚ್ಚಳಾ ಇನ್ನೂ ತಗದಿಲ್ಲ,” ಎಂದ. ಅವನಷ್ಟು ಪ್ರಾಮಾಣಿಕರು ಇಡೀ ವ್ಯವಹಾರದಲ್ಲಿ ಇನ್ನೊಬ್ಬರಿರಲಿಲ್ಲ.

ಎಳ್ಳ ಅಮಾವಾಸ್ಯೆ ಬಂತು. ಅಂದು ನಮ್ಮವರು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಪೂಜೆ ಮಾಡಿ, ಅಡುಗೆಯನ್ನು ಹೊಲದ ತುಂಬ ಚೆಲ್ಲುತ್ತಾರೆ. ಚರಗ ಚೆಲ್ಲುವುದು ಎನ್ನುತ್ತೇವೆ. ವಿಕ್ರಮ್ ಸರ್ ಚರಗದ ಫೋಟೊ ಸ್ಪರ್ಧೆ ಇಟ್ಟರು. ಷರತ್ತು ಒಂದೇ: ಚಿತ್ರದಲ್ಲಿ ಕೀಟನಾಶಕದ ಬಾಟಲಿ ‘ಸಹಜವಾಗಿ’ ಕಾಣಬೇಕು. ಎಂಥ ಸಹಜ! ಕಡುಬು, ಪಲ್ಲೆ, ಮೊಸರನ್ನದ ನಡುವೆ ಬಾಟಲಿ ನಿಂತ ಚಿತ್ರಗಳು ಬಂದವು. ಒಬ್ಬನಂತೂ ಅದಕ್ಕೇ ವಿಭೂತಿ ಹಚ್ಚಿ ಹೂವು ಏರಿಸಿದ್ದ. ಅವನಿಗೇ ಮೊದಲ ಬಹುಮಾನ.

ಬಸವ್ವ ಬರೆದಳು: “ಭೂಮ್ತಾಯಿ ಉಣ್ಣೂ ಎಡಿಯಾಗ ವಿಷದ ಬಾಟ್ಲಿ ಇಟ್ಟೀರಿ. ನಿಮ್ಮ ಮನಿಯಾಗ ಬೀಗರು ಬಂದ್ರೂ ಹಿಂಗ ಬಡಸ್ತೀರೇನ?” ವಿಕ್ರಮ್ ಸರ್ ಅದನ್ನು ‘ನೆಗೆಟಿವ್’ ಎಂದು ಅಳಿಸಿದರು. ನಾನು ಮತ್ತೆ ಹಾಕಿದೆ. ಅವರು ಮತ್ತೆ ಅಳಿಸಿದರು. ಇಬ್ಬರೂ ಮುಖ ನೋಡಿಕೊಂಡಾಗ ನಗುತ್ತಲೇ ಇದ್ದೆವು. ನನ್ನ ಕೊನೆಯ ವರ್ಷಗಳ ನೌಕರಿ ಹೀಗೆಯೇ ಸಾಗಿತು. ಆಮೇಲೆ ಒಂದು ದಿನ ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೊಟ್ಟು, “ಕಾಕಾ, ನೀವು ಯಾವತ್ತೂ ನಮ್ಮ ಜೊತೆ ಇರ್ತೀರಿ,” ಎಂದರು. ಅದು ಬಾಯುಪಚಾರ ಎಂದುಕೊಂಡೆ. ಅವರು ಅಕ್ಷರಶಃ ಹೇಳಿದ್ದರು.

ಹಿಂಗಾರಿ ಬಿತ್ತನೆಯ ಹೊತ್ತು, ನಾನು ನಿವೃತ್ತನಾಗಿ ವಾರ ಕಳೆದಿರಲಿಲ್ಲ. ಒಂದು ಮಂಗಳವಾರ ಕಟ್ಟೆಯ ಮೇಲೆ ಕೂತು ಪೇಪರ್ ಓದುತ್ತಿದ್ದೆ. ನಡುವಯಸ್ಸಿನ ಹೆಣ್ಣುಮಗಳೊಬ್ಬಳು ಕೈಚೀಲ ಹಿಡಿದು ಬಂದು, ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

“ಆರಾಮ ಅದೀರಿಲ್ರಿ ಕಾಕಾರ?”

“ಆರಾಮ ಅದೀನಿ. ಯಾರವಾ ನೀನು?”

“ನಾ ಶಲವಡಿ ಬಸವ್ವರೀ. ನೀವ್ ನಿನ್ನೆ ಸೋಮಾರ ಉತ್ತರ ಬರದೀರಿ. ಇಷ್ಟ ವರ್ಸದಾಗ ಎಂದೂ ಬರದಿಲ್ಲ. ಕಾಕಾಗ ಜಡ್ಡು ಗಿಡ್ಡು ಬಂತೇನೋ, ಯಾರರೆ ಫೋನ್ ಕಸಗೊಂಡ್ರೇನೋ ಅಂತ ಜೀವಾ ತಡೀಲಿಲ್ಲ. ಬಸ್ ಹತ್ತಿ ಬಂದೆ.”

ಹೆಂಡತಿ ಗಿರಿಜಾ ನೀರು ತಂದುಕೊಟ್ಟಳು. ಬಸವ್ವ ಫೋನ್ ತೆಗೆದು ತೋರಿಸಿದಳು. ನನ್ನ ಫೋಟೊ, ನನ್ನ ಹೆಸರು. ಕೆಳಗೆ, ಕಡಲೆ ಬೀಜಕ್ಕೆ ಇಂಥದೊಂದು ಗುಲಾಬಿ ಪುಡಿ ಹಚ್ಚಿಯೇ ಬಿತ್ತಬೇಕು, ‘ಇದು ನಿಮ್ಮ ಕಾಕಾನ ಮಾತು’ ಎಂದಿತ್ತು. ಚೀಲದಲ್ಲಿ ಒಂದಿಷ್ಟು ಬೀಜ, ಪುಡಿಯ ಪೊಟ್ಟಣ ಇದ್ದವು. ಒಳಗೇನಿದೆ ಎಂಬುದು ಪೊಟ್ಟಣದ ಮೇಲೆಲ್ಲೂ ಬರೆದಿರಲಿಲ್ಲ. ಅಂಥದ್ದನ್ನು ಮುಟ್ಟಬೇಡಿ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ ಎಂದು ಸಾವಿರ ಸಲ ಬರೆದವನು ನಾನು.

“ಇದ ನಾ ಬರದದ್ದಲ್ಲವಾ, ನೌಕರಿ ಬಿಟ್ಟೀನಿ. ಬೀಜಕ್ಕ ಹಚ್ಚೀಯೇನು?” ಎಂದೆ.

“ಹಚ್ಚತಿದ್ನಿ. ಸೋಮಾರ ಅನ್ನೂದ ನೆನಪಾಗಿ ಕೈ ನಿಂತ್ವು. ಮನಿ ಬೀಜ್ರಿ, ಕೆಟ್ರ ಮತ್ತ ಎಲ್ಲಿಂದ ತರೂದು? ನೆಲದ ಹಸಿ ಆರಿದ್ರ ಬಿತ್ತಿಗಿನೂ ಹೋಗತೈತಿ. ಭಾಳ ದಿನಾ ಕಾಯಾಕ ಬರೂದಿಲ್ರಿ.”

ಗಿರಿಜಾ ಎರಡು ಗೋಣಿ ತುಂಡು ತೋಯಿಸಿ ತಂದಳು. ಬಸವ್ವ ತಂದಿದ್ದ ಬೀಜದಲ್ಲಿ ಒಂದು ಹಿಡಿಗೆ ಪುಡಿ ಹಚ್ಚಿ, ಒಂದು ಹಿಡಿ ಹಾಗೇ ಬಿಟ್ಟು, ಬೇರೆ ಬೇರೆ ಕಟ್ಟಿ ಇಟ್ಟಳು. ಮುಂದಿನ ಸೋಮವಾರ ಬಂದು ನೋಡುವುದೆಂದು ಮಾತಾಯಿತು.

ಇತ್ತ ನಾನು ಹೊಲಮನಿಯಲ್ಲಿ ಹೊಸ ಸದಸ್ಯನಾಗಿ ಸೇರಿದೆ. ‘ನಾನೇ ಕಾಕಾ. ನಿವೃತ್ತನಾಗಿದ್ದೇನೆ. ಆ ಪುಡಿ ಹಚ್ಚಬೇಡಿ’ ಎಂದು ಬರೆದೆ. ಚಹಾ ಆರುವುದರೊಳಗೆ ಉತ್ತರ ಬಂತು: ‘ಬೇರೆಯವರ ಹೆಸರು ಮತ್ತು ಚಿತ್ರ ಬಳಸಿದ್ದಕ್ಕಾಗಿ ತಮ್ಮನ್ನು ತೆಗೆಯಲಾಗಿದೆ. ಇಲ್ಲಿ ಸುಳ್ಳು ರೈತರಿಗೆ ಜಾಗವಿಲ್ಲ.’ ಎಷ್ಟು ಒಳ್ಳೆಯ ವಾಕ್ಯ ಎನಿಸಿತು. ಎನಿಸದೇ ಏನು, ಮಲ್ಲಪ್ಪನನ್ನು ಓಡಿಸಿದಾಗ ನಾನೇ ಬರೆದದ್ದು.

ವಿಕ್ರಮ್ ಸರ್‌ಗೆ ಫೋನ್ ಮಾಡಿದೆ. ಎಂದಿನ ಹಾಗೆ ತಣ್ಣಗೆ ಮಾತಾಡಿದರು. “ಕಾಕಾ ಅನ್ನೋದು ಒಂದು ಪಾತ್ರ ಸರ್. ನೀವು ತುಂಬಾ ಚೆನ್ನಾಗಿ ಮಾಡಿದ್ರಿ. ಈಗ ಮಷೀನ್ ಮಾಡ್ತಿದೆ. ನೀವು ಬರೆದದ್ದನ್ನೆಲ್ಲ ಓದಿ ಕಲಿತಿದೆ.”

“ಮತ್ತ ನನ್ನ ಫೋಟೊ?”

“ಅದಿದ್ರೆ ಜನಕ್ಕೆ ನಂಬಿಕೆ ಬರುತ್ತೆ.”

“ಆ ನಂಬಿಗಿ ನಂದ್ರಿ!” ಎಂದು ಕೂಗಿದೆ. “ಬೀಜಾ ಕೊಳತ್ರ ಮಂದಿ ಬಯ್ಯೂದು ಮಷೀನಿಗಲ್ಲ, ನನಗ. ಇದ ಊರಾಗ ಬದುಕಬೇಕ ನಾ.”

“ನಿಮ್ಮ ಫೀಡ್‌ಬ್ಯಾಕ್ ತಗೊಂಡಿದ್ದೀವಿ ಸರ್,” ಎಂದು ಫೋನ್ ಇಟ್ಟರು. ತೊಟ್ಟಿಲಗಾರ ಬಂದು ಕೈ ಚಾಚಿದ್ದು ನೆನಪಾಯಿತು. ಅವನಿಗೆ ಚಾಚಲು ಎದುರಿಗೆ ಒಬ್ಬ ಮನುಷ್ಯನಾದರೂ ಇದ್ದ. ನಾನು ಯಾರ ಮುಂದೆ ಚಾಚಲಿ?

ಸೋಮವಾರ ಬಸವ್ವ ಬಂದಳು. ಗಿರಿಜಾ ಗೋಣಿ ಬಿಚ್ಚಿದಳು. ಹಾಗೇ ಇಟ್ಟ ಬೀಜ ಬೆಳ್ಳಗೆ ಮೊಳಕೆ ಒಡೆದಿತ್ತು. ಪುಡಿ ಹಚ್ಚಿದ್ದು ಲೋಳೆಯಾಗಿ, ಮೂಗು ಮುಚ್ಚಿಕೊಳ್ಳುವ ಹಾಗಿತ್ತು. ಬಸವ್ವ ಒಂದು ಕ್ಷಣ ಅದನ್ನೇ ನೋಡಿ, “ಯವ್ವಾ, ಇದ ನಮ್ಮ ಹೊಲದಾಗ ಆಕ್ಕಿತ್ತಲ್ರಿ,” ಎಂದು ಸೆರಗಿನಿಂದ ಹಣೆ ಒರೆಸಿಕೊಂಡಳು. ಆಮೇಲೆ ಕಟ್ಟೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಫೋನ್ ತೆಗೆದಳು.

“ನಿಮ್ಮನ್ನ ತಗದ್ರ ತಗೀಲಿ. ನನ್ನ ತಗದಿಲ್ಲಲ್ಲ. ಎಲ್ಲಾರ ಮುಂದ ಕೇಳ್ತೀನಿ ಆ ಮಷೀನ್ ಕಾಕಾನ್ನ.”

‘ಕಾಕಾ, ಇವತ್ತ ಸೋಮಾರ. ಎತ್ತ ಹೂಡಿ ಕಡ್ಲಿ ಬಿತ್ತಲೇನ್ರಿ?’ ಎಂದು ಹಾಕಿದಳು. ಕಣ್ಣು ಮಿಟುಕಿಸುವುದರಲ್ಲಿ ಉತ್ತರ: ‘ಖಂಡಿತ ತಂಗಿ! ಸೋಮವಾರ ಬಿತ್ತನೆಗೆ ಒಳ್ಳೆಯ ದಿನ. ಎತ್ತು ಹೂಡುವ ಮುಂಚೆ ಬೀಜಕ್ಕೆ ಪುಡಿ ಹಚ್ಚುವುದನ್ನು ಮರೆಯಬೇಡ.’

“ಎಲಾ ಇವನ! ಎತ್ತ ಈದೈತಿ ಅಂದ್ರ ಕೊಟ್ಟಿಗ್ಯಾಗ ಕಟ್ಟು ಅನ್ನಾವ್ರಿ ಇವ,” ಎಂದಳು ಬಸವ್ವ. ಎಂದವಳೇ ಅದನ್ನೂ ಕೇಳಿಬಿಟ್ಟಳು: ‘ಕಾಕಾ, ನಮ್ಮ ಎತ್ತ ಈದೈತ್ರಿ, ಏನ್ ಮಾಡೂದು?’

‘ಅಭಿನಂದನೆಗಳು ತಂಗಿ!’ ಎಂದಿತು ನನ್ನ ಮೀಸೆ. ‘ಕರುವಿಗೆ ಮೊದಲು ಗಿಣ್ಣದ ಹಾಲು ಕುಡಿಸು. ಎತ್ತಿಗೆ ನಮ್ಮ ಹಾಲು ಹೆಚ್ಚಿಸುವ ಟಾನಿಕ್ ಕೊಡು.’

ಗಿರಿಜಾ ಒಳಗಿನಿಂದ ಓಡಿ ಬಂದಳು, ನಾವಿಬ್ಬರೂ ಹಾಗೆ ನಗುತ್ತಿದ್ದೆವು. ಗುಡಗೇರಿಯ ಫಕ್ಕೀರಪ್ಪ ಕೆಳಗೆ ಬರೆದ: ‘ಕಾಕಾ, ನಮ್ಮ ಹೋರಿಗೆ ಏಳು ತಿಂಗಳು.’ ಇನ್ನೊಬ್ಬ ಎತ್ತಿನ ಸೀಮಂತಕ್ಕೆ ಕರೆದ. ಬಸವ್ವ ಆ ನಗುವಿನ ನಡುವೆ ಮೊಳಕೆಯ ಮತ್ತು ಲೋಳೆಯ ಚಿತ್ರ ಎರಡನ್ನೂ ಹಾಕಿದಳು. ‘ಖರೇ ಕಾಕಾನ ಕಟ್ಟಿ ಮ್ಯಾಲ ಕುಂತ ಬರದೀನಿ. ಪುಡಿ ಹಚ್ಚಬ್ಯಾಡ್ರಿ,’ ಎಂದು ಬರೆದಳು. ಸಂಜೆಯೊಳಗೆ ಹೊಲಮನಿಯವರು ಎಲ್ಲವನ್ನೂ ಅಳಿಸಿದರು. ಅಷ್ಟರಲ್ಲಿ ಅದು ಊರೂರ ವಾಟ್ಸ್ಆ್ಯಪ್ ಹೊಕ್ಕಾಗಿತ್ತು. ಮಂಗಳವಾರ ಬೆಳಗ್ಗೆ ಬಸವ್ವ ಎತ್ತು ಹೂಡಿ, ಪುಡಿಯಿಲ್ಲದ ಬೀಜ ಬಿತ್ತಿದಳು.

ಗೆದ್ದೆವು ಎಂದುಕೊಂಡೆ. ಎಂಥ ಹುಚ್ಚು! ನನ್ನ ಫೋಟೊ ಇಳಿಯಲಿಲ್ಲ. ಮುಂದಿನ ಸೋಮವಾರ ಯಾರೋ ಮತ್ತೆ ಕೆಣಕಿದರು, ಕಾಕಾ ಉತ್ತರಿಸಲಿಲ್ಲ. ಅದರ ಮುಂದಿನ ಸೋಮವಾರವೂ ಇಲ್ಲ. ‘ಸೋಮಾರ ಕಾಕಾನ ಹೆಗಲಿಗೂ ನೊಗ ಇಲ್ಲ’ ಎಂಬ ನನ್ನ ಸಾಲನ್ನು ಎಲ್ಲಿಂದಲೋ ಹುಡುಕಿ ತಂದು ಫೋಟೊ ಕೆಳಗೆ ತೂಗುಹಾಕಿದ್ದಾರೆ. ಮಷೀನು ಕಲಿತುಬಿಟ್ಟಿತು. ಪುಡಿಯ ಹೆಸರು ಬದಲಾಗಿದೆ, ಬಣ್ಣ ಈಗ ಹಸಿರು.

ಒಂದು ತಿಂಗಳ ಮೇಲೆ ಬಸವ್ವ ಮತ್ತೆ ಬಂದಳು. ಚೀಲದ ತುಂಬ ಕಡಲೆಯ ಎಳೆ ಕುಡಿ, ಪಲ್ಲೆ ಮಾಡಲು. ಹೊಲ ಸಾಲು ಹಿಡಿದು ಎದ್ದಿದೆಯಂತೆ. ಗಿರಿಜಾ ಬುಟ್ಟಿಗೆ ಸುರಿದಳು. ಹುಳಿ ವಾಸನೆ ಮನೆಯೆಲ್ಲ ಹರಡಿತು.

“ಈಗ ಸೋಮಾರ ನೀವೂ ಸುಮ್ನಿರತೀರಿ, ಅವನೂ ಸುಮ್ನಿರತಾನ,” ಎಂದಳು ಬಸವ್ವ. “ಖರೇದವ್ರು ಯಾರಂತ ಹೆಂಗ್ ಗುರ್ತ ಹಿಡೀಬೇಕ್ರಿ ಮಂದಿ?”

“ಮನಿಗೆ ಬಾರವಾ,” ಎಂದೆ. “ಬಂದ ಕೇಳು.”

“ಎಲ್ಲಾರೂ ಬಸ್ ಹತ್ತಿ ಬರತಾರೇನ್ರಿ?” ಎಂದಳು.

ಆ ಹಸಿರು ಕುಡಿಗಳನ್ನು ನೋಡಿ ನನಗೆ ಹಿಗ್ಗು ತಡೆಯಲಿಲ್ಲ. ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಜನ ನೋಡಲಿ ಎಂದು ಬುಟ್ಟಿಯ ಫೋಟೊ ತೆಗೆಯಲು ಫೋನ್ ಎತ್ತಿದೆ. ಗಿರಿಜಾ ಥಟ್ಟನೆ ಸೆರಗಿನಿಂದ ಬುಟ್ಟಿ ಮುಚ್ಚಿದಳು.

“ಬ್ಯಾಡ್ರಿ,” ಎಂದಳು. “ನೀವ್ ಹಾಕಿದ್ರ, ನಾಳೆ ಇದು ಅವರ ಪುಡಿಲೇ ಬೆಳದದ್ದಂತ ಆ ಕಾಕಾ ಹೇಳತಾನ.”